ಸಂಜೆ ಹೊತ್ತೂ ಬಾಗಿಲು ತಟ್ಟಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ನಾನು ಎಂಎಸ್‌ಡಬ್ಲ್ಯು ಓದುತ್ತಿರುವ ಹುಡುಗಿ. ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಅಂತ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಆಶಾ ಅಕ್ಕಂದಿರ ಜೊತೆ ಮನೆಮನೆ ಸುತ್ತಿದೆ. ಕುಟುಂಬ ಯೋಜನೆ ಬಗ್ಗೆ ತಿಳಿಸುವುದು, ಅರ್ಹ ದಂಪತಿಗಳ, ಅಂದರೆ ಮಕ್ಕಳಾಗುವ ವಯಸ್ಸಿನ ದಂಪತಿಗಳ ಪಟ್ಟಿ ತುಂಬುವುದು ಕೆಲಸ. ನಿಮ್ಮಲ್ಲಿ ಕೇಳುವುದು ಒಂದೇ. ಈ ಭೇಟಿಗಳಲ್ಲಿ ಒಂದಷ್ಟನ್ನು ಸಂಜೆಗೆ ಹಾಕಿಸಿ. ಜೊತೆಗೆ ಒಬ್ಬ ಗಂಡಸು ಸಿಬ್ಬಂದಿಯನ್ನೂ ಕಳಿಸಿ.

ಯಾಕೆ ಅಂತೀರಾ? ನಾವು ಹೋಗುತ್ತಿದ್ದದ್ದು ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ. ಆ ಹೊತ್ತಿಗೆ ಗಂಡಸರು ಎಲ್ಲಿ ಸಿಗುತ್ತಾರೆ? ತೋಟದಲ್ಲಿರುತ್ತಾರೆ, ಇಲ್ಲಾ ಬೆಂಗಳೂರಿನ ಬಸ್ಸು ಹತ್ತಿರುತ್ತಾರೆ. ಮನೆಯಲ್ಲಿರುವುದು ಸೊಸೆ, ಪಕ್ಕದಲ್ಲಿ ಅತ್ತೆ. ಅಕ್ಕ ಚೀಲದಿಂದ ನಿರೋಧ್ ಕಾಂಡೋಮ್, ಗರ್ಭ ತಡೆಯುವ ಮಾಲಾ-ಎನ್, ಛಾಯಾ ಮಾತ್ರೆ ತೆಗೆದು ಜಗಲಿ ಮೇಲೆ ಇಡುತ್ತಿದ್ದರು. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಗರ್ಭ ತಡೆಯುವ ಅಂತರಾ ಇಂಜೆಕ್ಷನ್ ಆದರೆ ಮೂರು ತಿಂಗಳಿಗೊಮ್ಮೆ. ಸೊಸೆ ಸೆರಗಿನ ತುದಿ ಸುತ್ತುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದೇ ಉತ್ತರ: "ಅವರ್ನ ಒಂದ್ ಮಾತು ಕೇಳ್ಬೇಕಕ್ಕ." ಆ 'ಅವರು' ನಮಗೆ ಸಿಗುತ್ತಲೇ ಇರಲಿಲ್ಲ.

ಒಂದು ಮನೆಯಲ್ಲಿ ಇಬ್ಬರು ಮಕ್ಕಳು, ಇನ್ನು ಸಾಕು ಅಂತ ತೀರ್ಮಾನವಾಗಿತ್ತು. ಗಂಡನಿಗೆ ಎನ್‌ಎಸ್‌ವಿ, ಅಂದರೆ ಕೊಯ್ಯದೆ ಮಾಡುವ ಗಂಡಸರ ಸಂತಾನಹರಣ ಆಪರೇಷನ್, ಮಾಡಿಸಬಹುದಲ್ವಾ ಅಂದೆ. ಅತ್ತೆ ನಕ್ಕೇಬಿಟ್ಟರು. "ಗಂಡಸ್ರಿಗೆ ಆಪರೇಷನ್ನಾ? ಆಮೇಲೆ ಕಾಯಿ ಮೂಟೆ ಹೊರೋರ್ ಯಾರವ್ವಾ?" ಹೊಟ್ಟೆ ಕೊಯ್ಸಿಕೊಂಡು ಬಂದ ಸೊಸೆ ನೀರಿನ ಕೊಡ ಹೊತ್ತರೆ ಮಾತ್ರ ಯಾರಿಗೂ ಯೋಚನೆಯಿಲ್ಲ! ಎನ್‌ಎಸ್‌ವಿಯಲ್ಲಿ ಹೊಲಿಗೆ ಇಲ್ಲ, ಅವತ್ತೇ ಮನೆಗೆ ಬರಬಹುದು. ಒಂದು ವಾರ ಕಳೆದರೆ ಭಾರದ ಕೆಲಸಕ್ಕೂ ಅಡ್ಡಿಯಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ಒಂದು ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ. ಇದನ್ನು ನಾನು ಆ ಅತ್ತೆಗೆ ಹೇಳಿ ಏನು ಪ್ರಯೋಜನ? ಅವರ ಮಗನ ಜೊತೆ ಕೂತು ಹೇಳುವವರು ಬೇಕು. ಅದು ಇನ್ನೊಬ್ಬ ಗಂಡಸಾದರೆ ಅವನೂ ಬಾಯಿಬಿಟ್ಟು ಕೇಳಿಯಾನು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಿಮ್ಮ ಮೇಜಿನ ಮೇಲೇ ಇರುತ್ತದೆ. ದೇಶದಲ್ಲಿ ಹೆಂಗಸರ ಆಪರೇಷನ್ ಆಗಿರುವ ದಂಪತಿಗಳು ಶೇ 37.9, ಗಂಡಸರದ್ದು ಶೇ 0.3. ನಮ್ಮ ರಾಜ್ಯದಲ್ಲಿ ಹೆಂಗಸರ ಪಾಲು ಇನ್ನೂ ಜಾಸ್ತಿ, ಅರ್ಧ ದಾಟಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು 1930ರಲ್ಲೇ ಆದೇಶ ಮಾಡಿದ್ದು ಮೈಸೂರು ಸಂಸ್ಥಾನ. ದೇಶದ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಅಷ್ಟು ಮೊದಲೇ ಹೊರಟ ನಾಡು ಇವತ್ತಿಗೂ ಹೆಂಗಸರ ಬಾಗಿಲಲ್ಲೇ ನಿಂತಿದೆ.

ಹಾಗಂತ ಗಂಡಸರ ಆಪರೇಷನ್ನಿಗೆ ಟಾರ್ಗೆಟ್ ಹಾಕಬೇಡಿ, ದಯವಿಟ್ಟು. ತುರ್ತು ಪರಿಸ್ಥಿತಿಯಲ್ಲಿ ಒತ್ತಾಯದಿಂದ ಮಾಡಿಸಿದ್ದನ್ನು ಹಳಬರು ಇನ್ನೂ ಮರೆತಿಲ್ಲ. ಮಾತಾಡಿಸಿ ಸಾಕು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಪ್ರತಿವರ್ಷ ನವೆಂಬರ್ ಬಂತೆಂದರೆ ಎನ್‌ಎಸ್‌ವಿ ಪಾಕ್ಷಿಕ ಅಂತ ಬ್ಯಾನರ್ ಕಟ್ಟುತ್ತಾರೆ. ಬ್ಯಾನರ್ ಓದಿ ಆಸ್ಪತ್ರೆಗೆ ಯಾರು ಬರುತ್ತಾರೆ? ಅದಕ್ಕೂ ಮೊದಲೇ ಒಂದು ತಾಲ್ಲೂಕಿನಲ್ಲಾದರೂ ಸಂಜೆ ಭೇಟಿ ಶುರು ಮಾಡಿಸಿ ನೋಡಿ. ಸಂಜೆ ಹಾಲಿನ ಡೇರಿ ಮುಂದೆ ಗಂಡಸರು ಕ್ಯಾನ್ ಹಿಡಿದು ನಿಂತಿರುತ್ತಾರೆ, ಅಲ್ಲಿಂದಲೇ ಮಾತು ಶುರುವಾಗಲಿ. ಇದನ್ನೂ ಸುಮ್ನೆ ಆಶಾ ಅಕ್ಕಂದಿರ ತಲೆ ಮೇಲೆ ಹಾಕಬೇಡಿ. ಅವರು ಬರುವುದಾದರೆ ಸಂಜೆ ಕೆಲಸಕ್ಕೆ ಬೇರೆ ದುಡ್ಡು ಕೊಡಿ, ಕತ್ತಲಾದ ಮೇಲೆ ಮನೆ ಮುಟ್ಟಿಸುವ ವ್ಯವಸ್ಥೆಯನ್ನೂ ಮಾಡಿ.

ಇಂತಿ,
ಒಬ್ಬ ಸಮಾಜಕಾರ್ಯ ವಿದ್ಯಾರ್ಥಿನಿ