ರಂಗಮಂದಿರ ರಂಗಮಂದಿರವಾಗಿಯೇ ಉಳಿಯಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪ್ಲಾಜಾ ಚಿತ್ರಮಂದಿರ ಮೆಟ್ರೊ ನಿಲ್ದಾಣಕ್ಕೆ ಜಾಗ ಬಿಟ್ಟಿತು. ಗಾಂಧಿನಗರದ ಕಪಾಲಿ ನೆಲಸಮವಾಗಿ ಅಲ್ಲಿ ಹೊಸ ಕಟ್ಟಡ ಎದ್ದಿತು. ಇಂಥ ಸುದ್ದಿ ಬಂದಾಗಲೆಲ್ಲ ನಾಲ್ಕು ದಿನ ಮರುಗಿ ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗನಾಗಿ, ಇಪ್ಪತ್ತಮೂರು ವರ್ಷ ಬೀಗ ಬಿದ್ದಿದ್ದ ಇಲ್ಲಿನ ರಂಗಮಂದಿರವೊಂದು ಮತ್ತೆ ತೆರೆದ ಬಗೆಯನ್ನು ಕರ್ನಾಟಕದ ಓದುಗರ ಗಮನಕ್ಕೆ ತರಬಯಸುತ್ತೇನೆ.

ಚರ್ನಿ ರೋಡ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ ರಾಯಲ್ ಒಪೇರಾ ಹೌಸ್ ಇದೆ. ವಜ್ರದ ವ್ಯಾಪಾರಿಗಳಿಗೂ ಟ್ಯಾಕ್ಸಿ ಚಾಲಕರಿಗೂ ‘ಒಪೇರಾ ಹೌಸ್’ ಎಂದರೆ ಒಂದು ಪ್ರದೇಶದ ಹೆಸರು, ಅಷ್ಟೆ. ನಾನೂ ವರ್ಷಗಟ್ಟಲೆ ಆ ಹೆಸರು ಹೇಳಿ ಬಸ್ಸಿನಿಂದ ಇಳಿದಿದ್ದೇನೆಯೇ ಹೊರತು, ಬೀಗದ ಹಿಂದೆ ನಿಜವಾಗಿಯೂ ಒಂದು ರಂಗಸ್ಥಳವಿದೆಯೆಂದು ಯೋಚಿಸಿದವನಲ್ಲ.

ಕಲ್ಕತ್ತೆಯಿಂದ ನಾಟಕ ಕಂಪನಿಗಳನ್ನು ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ದಲ್ಲಾಳಿಯಾಗಿದ್ದ ಪಾರ್ಸಿ ಗೃಹಸ್ಥ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಸೇರಿ 1908ರಲ್ಲಿ ಇದರ ಯೋಜನೆ ಹಾಕಿದರು. ಕೆಲಸ ಮುಗಿಯುವ ಮೊದಲೇ, 1911ರಲ್ಲಿ, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಇದನ್ನು ಉದ್ಘಾಟಿಸಿದರು. ಪ್ರವೇಶಾಂಗಣದ ತೂಗುದೀಪಗಳು ಮುಂಬೈಯ ವ್ಯಾಪಾರಿ ಮನೆತನವಾದ ಸಸೂನ್ ಕುಟುಂಬದ ಕೊಡುಗೆ. ಅಲ್ಲಿನ ಗುಮ್ಮಟದ ಎಂಟು ಭಾಗಗಳು ಕವಿಗಳಿಗೂ ನಾಟಕಕಾರರಿಗೂ ಕಾದಂಬರಿಕಾರರಿಗೂ ಮೀಸಲಾದವು. ಹೆಸರಿಗೆ ಒಪೇರಾ ಹೌಸ್ ಆದರೂ ಇದನ್ನು ಬಾಳಿಸಿದ್ದು ಪಾಶ್ಚಾತ್ಯ ಸಂಗೀತವೊಂದೇ ಅಲ್ಲ. ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರು ಇಲ್ಲಿ ಹಾಡಿದರು, ಪೃಥ್ವಿರಾಜ್ ಕಪೂರರ ತಂಡ ಇಲ್ಲಿ ನಾಟಕವಾಡಿತು. ಮುಂದೆ ಸಿನಿಮಾದ ಕಾಲ ಬಂದು 1935ರ ಹೊತ್ತಿಗೆ ಒಳಾಂಗಣವೂ ಬೆಳ್ಳಿತೆರೆಗೆ ತಕ್ಕಂತೆ ಮಾರ್ಪಟ್ಟಿತು. 1952ರಲ್ಲಿ ಗೊಂಡಲ್ ಸಂಸ್ಥಾನದ ಮಹಾರಾಜ ವಿಕ್ರಮಸಿಂಹಜೀ ಇದನ್ನು ಕೊಂಡರು. ಮನೆಮನೆಗೆ ವಿಡಿಯೊ, ಕೇಬಲ್ ಬಂದು ಗಳಿಕೆ ಕುಸಿದ ಮೇಲೆ 1993ರಲ್ಲಿ ಮಂದಿರ ಮುಚ್ಚಿತು.

ಈ ಮಂದಿರವಿರುವ ಗಿರ್ಗಾಂವ್‌ನ ನೆಲದ ಬೆಲೆ ಬಲ್ಲವರಿಗೆ, ಅಷ್ಟು ವರ್ಷ ಒಡೆತನದ ಕುಟುಂಬವು ಅದನ್ನು ಬಿಲ್ಡರಿಗೆ ಒಪ್ಪಿಸದೆ ಇಟ್ಟುಕೊಂಡದ್ದೇ ದೊಡ್ಡ ಮಾತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಕಟ್ಟಡವನ್ನು ಮೊದಲು ಗಟ್ಟಿಗೊಳಿಸಿ, ನಂತರದ ಸೇರ್ಪಡೆಗಳನ್ನು ತೆಗೆದು, ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಮೂಲ ಒಳಾಂಗಣವನ್ನು ಮರಳಿ ರೂಪಿಸಲಾಯಿತು. ದೇವಸ್ಥಾನದ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದು ಅದನ್ನೇ ಜೀರ್ಣೋದ್ಧಾರವೆನ್ನುವ ನಮಗೆ ಈ ತಾಳ್ಮೆ ವಿಚಿತ್ರವಾಗಿ ಕಂಡೀತು! 2016ರ ಅಕ್ಟೋಬರ್‌ನಲ್ಲಿ ಗಾಯಕಿ ಪೆಟ್ರೀಷಿಯಾ ರೊಝಾರಿಯೊ ಅವರ ಕಛೇರಿಯೊಂದಿಗೆ ಬಾಗಿಲು ತೆರೆಯಿತು. ಮರುವರ್ಷ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು. ಪ್ರಶಸ್ತಿಗಿಂತ ಮುಖ್ಯವಾದ ಸಂಗತಿಯೆಂದರೆ, ಸುಮಾರು 575 ಆಸನಗಳ ಆ ಸಭಾಂಗಣದಲ್ಲಿ ಮತ್ತೆ ನಾಟಕ, ಸಂಗೀತ ನಡೆಯತೊಡಗಿದ್ದು.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಮೂಲೆಯಲ್ಲೂ ಬ್ರಿಟಿಷರ ಕಾಲದ ಒಂದು ಒಪೇರಾ ಹೌಸ್ ಇದೆ. ಅದನ್ನೂ ದುರಸ್ತಿ ಮಾಡಿ 2018ರಲ್ಲಿ ಮೊಬೈಲ್ ಕಂಪನಿಯೊಂದರ ಮಳಿಗೆಯಾಗಿ ತೆರೆಯಲಾಯಿತು. ಕಟ್ಟಡ ಕುಸಿಯದೆ ಉಳಿದದ್ದಕ್ಕೆ ಕೃತಜ್ಞರಾಗಿರೋಣ. ಆದರೆ ನಾಟಕ ನೋಡಲು ಕಟ್ಟಿದ ಮನೆಯಲ್ಲಿ ಫೋನು ಮಾರಿದರೆ, ಉಳಿದದ್ದು ಗೋಡೆ ಮಾತ್ರ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮಾಲೀಕರ ನಷ್ಟದ ಹೊರೆ ಹೊರಲು ಯಾರೂ ಸಿದ್ಧರಿಲ್ಲದೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಆದ್ದರಿಂದ ಹಳೆಯ ಮಂದಿರಗಳ ಬಳಕೆ ಬದಲಿಸಲು ಅನುಮತಿ ಕೊಡುವಾಗ, ವೇದಿಕೆ ಮತ್ತು ಸಭಾಂಗಣವನ್ನು ಉಳಿಸಿಕೊಳ್ಳುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡುವ ಬಗ್ಗೆ ಸರ್ಕಾರ ಯೋಚಿಸಬೇಕು. ಇನ್ನೊಂದು ಕೆಲಸಕ್ಕೆ ಹೆಚ್ಚು ಹಣವೂ ಬೇಡ: ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಇನ್ನೂ ನಿಂತಿರುವ ಹಳೆಯ ಮಂದಿರಗಳ ನಕ್ಷೆ ಮತ್ತು ಛಾಯಾಚಿತ್ರಗಳನ್ನು ಮಾಲೀಕರಿಂದ ಪಡೆದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಈಗಲೇ ಒಂದೆಡೆ ಕಾಪಿಡಲಿ.

ಇತಿ,
ಓರ್ವ ಓದುಗ, ಮುಂಬೈ