ಬಡಿಸೋ ಹುಡುಗ್ರು ಯಾವಾಗ ಉಣ್ಬೇಕು? ಬಳ್ಳಾರಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

88ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಬಳ್ಳಾರಿಗೆ ಅಂತ ಮಂಡ್ಯದಲ್ಲೇ ತೀರ್ಮಾನ ಆಯ್ತು, ಖುಷಿ ವಿಷ್ಯ. ವೇದಿಕೆ, ಮೆರವಣಿಗೆ, ಗೋಷ್ಠಿ ಬಗ್ಗೆ ತಲೆ ಕೆಡಿಸ್ಕೊಳ್ಳೋಕೆ ಬೇಕಾದಷ್ಟು ಜನ ಇದ್ದಾರೆ ಬಿಡಿ, ನಾನು ಬರೀತಿರೋದು ಅಲ್ಲಿ ದುಡಿಯೋ ಸ್ವಯಂಸೇವಕರ ಊಟದ ಬಗ್ಗೆ.

2024ರ ಡಿಸೆಂಬರ್‌ನಲ್ಲಿ ಮಂಡ್ಯ ಸಮ್ಮೇಳನ ಆದಾಗ ಬಾಡೂಟ ಬೇಕಾ ಬೇಡ್ವಾ ಅಂತ ಟಿವಿ, ಫೇಸ್‌ಬುಕ್ ತುಂಬ ಎಷ್ಟು ಜಗಳ ಆಯ್ತು ನೆನಪಿದೆಯಲ್ಲ (ನಾನೂ ಒಂದೆರಡು ಕಾಮೆಂಟ್ ಗೀಚಿದ್ದೆ, ಇರ್ಲಿ). ತಟ್ಟೇಲಿ ಏನಿರ್ಬೇಕು ಅಂತ ಅಷ್ಟೆಲ್ಲಾ ಮಾತಾಡಿದ ನಾವು, ಆ ತಟ್ಟೆಗೆ ಬಡಿಸೋ ಎನ್‌ಎಸ್‌ಎಸ್ ಹುಡುಗ ಎಷ್ಟು ಗಂಟೆಗೆ ಉಂಡ ಅಂತ ಕೇಳಿದ್ದನ್ನ ನಾನಂತೂ ಎಲ್ಲೂ ನೋಡ್ಲಿಲ್ಲ.

ಮದುವೆ ಮನೇಲಿ ಬಡಿಸೋರು ಕೊನೆ ಪಂಕ್ತಿಗೆ ಕೂತ್ಕೋತಾರೆ, ಅಲ್ಲಿಗೆ ಅದು ಸರಿನೇ, ಯಾಕಂದ್ರೆ ಅಲ್ಲಿ ಕೊನೆ ಪಂಕ್ತಿ ಅಂತ ಒಂದು ಬಂದೇ ಬರುತ್ತೆ. ಸಮ್ಮೇಳನದ ಬಯಲಲ್ಲಿ ಅದು ಬರಲ್ಲ ಸಾರ್, ಸಾಲು ಕರಗೋ ಹೊತ್ತಿಗೆ ಹಂಡೆನೂ ಖಾಲಿ. ಹಿಂದೊಂದು ದೊಡ್ಡ ಸಮಾವೇಶದಲ್ಲಿ, ಯಾವುದು ಅಂತ ಬೇಡ, ಪಾರ್ಕಿಂಗ್ ಗೇಟ್ ಹತ್ರ ಪೀಪಿ ಊದ್ತಾ ನಿಂತಿದ್ದ ಹುಡುಗಿ ಮೂರೂವರೆಗೆ ಕೌಂಟರ್‌ಗೆ ಬಂದ್ಲು, ಬೆವರಿಗೆ ಮೆತ್ತಗಾಗಿ ಅಂಟ್ಕೊಂಡಿದ್ದ ಕೂಪನ್ ಬಿಡಿಸಿ ಕೊಟ್ಲು, ಒಳಗಿನೋನು ಅನ್ನ ಐತಿ ಸಾಂಬಾರ್ ಮುಗೀತು ಅಂದ. ಪಕ್ಕದ ವಿಐಪಿ ಪೆಂಡಾಲ್‌ನಲ್ಲಿ ಜಾಮೂನು ಹಂಗೇ ಉಳಿದಿತ್ತು, ಅಲ್ಲಿಗೆ ಹೋಗೋಕೆ ಬೇರೆ ಬಣ್ಣದ ಪಾಸ್ ಬೇಕಂತೆ. ಆಕೆ ಬಿಸ್ಕತ್ ಪ್ಯಾಕೆಟ್ ತಗೊಂಡು ವಾಪಸ್ ಗೇಟಿಗೆ ಹೋದ್ಲು, ದುಡ್ಡು ಆಕೆದೇ.

ಕೂಪನ್ ಕೊಟ್ಟಿದ್ವಲ್ಲ ಅಂತಾರೆ ಆಯೋಜಕರು. ಗೇಟ್ ಬಿಟ್ಟು ಅಲ್ಲಾಡಬಾರದು ಅಂತ ನೀವೇ ಹೇಳಿ, ಊಟಕ್ಕೆ ಮಾತ್ರ ಒಂದು ಕಿಲೋಮೀಟರ್ ನಡ್ಕೊಂಡು ಬಂದು ಜನರ ಜೊತೆ ಕ್ಯೂ ನಿಲ್ಲು ಅಂದ್ರೆ ಹೆಂಗೆ?

ಪಕ್ಕದಲ್ಲೇ ಕೊಪ್ಪಳ ಇದೆ. ಗವಿಮಠದ ಜಾತ್ರೆ ದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಲಕ್ಷಗಟ್ಲೆ ಬರ್ತಾವೆ, ಸೇವೆಗೆ ಜನಾನೂ ಹಂಗೇ ಬರ್ತಾರೆ. ಅಲ್ಲಿಗೆ ನಿಮ್ಮ ಅಧಿಕಾರಿಗಳನ್ನ ಕಳ್ಸಿ, ಅಡುಗೆ ಕಡೆಯೋರ ಜೊತೆ ಒಂದಿನ ಇದ್ದು ನೋಡ್ಲಿ.

ನಾನು ಕೇಳೋದು ಜಾಸ್ತಿ ಏನಿಲ್ಲ. ಊಟದ ಟೆಂಡರ್‌ನಲ್ಲೇ ಸ್ವಯಂಸೇವಕರ ಲೆಕ್ಕ ಬೇರೆ ಬರೆಸಿ, ಉಳಿದ್ರೆ ಕೊಡೋಣ ಅನ್ನೋದು ಬೇಡ. ಜನಕ್ಕೆ ಕೌಂಟರ್ ತೆಗೆಯೋ ಮುಂಚೆ ಅರ್ಧ ತಂಡ ಉಂಡಿರ್ಲಿ, ಅವರು ಹೋಗಿ ನಿಂತ ಮೇಲೆ ಇನ್ನರ್ಧ. ಗೇಟು, ಪಾರ್ಕಿಂಗ್, ಪುಸ್ತಕ ಮಳಿಗೆ ಕಡೆ ಇರೋರಿಗೆ ಊಟಾನೇ ಅಲ್ಲಿಗೆ ಹೋಗ್ಲಿ, ನೀರು ಸಮೇತ. ವಿಐಪಿಗಳಿಗೆ ಮಾಡಿದ್ದೇ ಕೊಟ್ರೂ ಯಾರೂ ಬೇಡ ಅನ್ನಲ್ಲ 😄. ಸಿರುಗುಪ್ಪದ ಭತ್ತದ ಜಿಲ್ಲೆ ನಮ್ದು, ಅನ್ನಕ್ಕೇನು ಬರ ಇಲ್ಲ.

ಆಹಾರ ಸಮಿತಿ ಮೀಟಿಂಗ್ ಕರೆದಾಗ ಕಾಲೇಜುಗಳ ಎನ್‌ಎಸ್‌ಎಸ್ ಅಧಿಕಾರಿಗಳನ್ನೂ, ಜೊತೆಗೆ ಇಬ್ಬರು ಮೂವರು ವಿದ್ಯಾರ್ಥಿಗಳನ್ನೂ ಕರೀರಿ. ಮೆನು ಆಮೇಲೆ ನೋಡೋಣ, ಮೊದಲು ಟೈಮ್ ಫಿಕ್ಸ್ ಮಾಡಿ.

ಇಂತಿ,
ಬಳ್ಳಾರಿಯ ಒಬ್ಬ ಮತದಾರ