ಗೆಳೆಯನಿಗೊಂದು ಪತ್ರ: ಮಗಳು ಬೇಸ್ ಗಿಟಾರ್ ಕೇಳಿದ್ದಾಳೆ ಎಂದೆಯಲ್ಲ

ಶಿವಮೊಗ್ಗ

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರ ತಲುಪಿತು. ಇಷ್ಟು ದಿನ ಗಿಟಾರ್ ಕಲಿಯುತ್ತಿದ್ದ ಮಗಳು ಈಗ ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರೇ ಬೇಕೆಂದು ಹಟ ಹಿಡಿದಿದ್ದಾಳೆ, ಮುಂದೆ ನಿಂತು ನುಡಿಸಬೇಕೆಂದು ಎಲ್ಲರೂ ಬಯಸುವ ವಯಸ್ಸಿನಲ್ಲಿ ಇವಳಿಗೇಕೆ ಹಿಂದೆ ನಿಲ್ಲುವ ವಾದ್ಯದ ಮೇಲೆ ಮನಸ್ಸಾಯಿತು, ಅದರಲ್ಲಿ ಜನರನ್ನು ಸೆಳೆಯುವಂಥದ್ದಾದರೂ ಏನಿದೆ ಎಂದು ಕೇಳಿದ್ದೀಯ. ಶಿವಮೊಗ್ಗದ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿಕೊಂಡೇ ಬಂದವನಾದ್ದರಿಂದ ಇದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ನಿನ್ನಂತೆ ಯೋಚಿಸುವ ತಂದೆತಾಯಂದಿರು ಇನ್ನೂ ಅನೇಕರಿರುವುದರಿಂದ, ನಿನ್ನ ಹೆಸರು, ಮಗಳ ಹೆಸರು ಬಿಟ್ಟು, ಇದನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಅತ್ತಿಗೆಯವರಿಗೂ ಓದಲು ಕೊಡು.

ಈ ವಾದ್ಯದಲ್ಲಿ ಹೆಸರು ಮಾಡಿದವರಲ್ಲಿ ಹಲವರು ಅದನ್ನು ಆಸೆಪಟ್ಟು ಹಿಡಿದವರಲ್ಲ. ಇಂಗ್ಲೆಂಡಿನ ಹೆಸರಾಂತ ಸಂಗೀತ ತಂಡ ಬೀಟಲ್ಸ್ 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದಾಗ, ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯನ್ನೇ ನೆಚ್ಚಿ ತಂಡವನ್ನು ಬಿಟ್ಟರು. ಆ ಜಾಗ ಉಳಿದವರಾರಿಗೂ ಬೇಡವಾಗಿದ್ದರಿಂದ ಹೊಣೆ ಪಾಲ್ ಮೆಕಾರ್ಟ್ನಿಯವರ ಹೆಗಲೇರಿತು. ಎಡಗೈಯವರಾದ ಅವರು ಪಿಟೀಲಿನ ಆಕಾರದ ಹಾಫ್ನರ್ ಬೇಸನ್ನು ಕೊಂಡದ್ದು ಅದರ ಬೆಲೆ ಕಡಿಮೆಯಿತ್ತೆಂದು, ಮತ್ತು ಎರಡೂ ಬದಿ ಒಂದೇ ಸಮನಾಗಿದ್ದುದರಿಂದ ತಿರುಗಿಸಿ ಹಿಡಿದರೂ ನೋಡಲು ವಿಚಿತ್ರವಾಗಿರುವುದಿಲ್ಲವೆಂದು. ಅಮೆರಿಕದ ಕ್ಯಾರಲ್ ಕೇ ಗಿಟಾರ್ ವಾದಕಿಯಾಗಿ ಹಾಲಿವುಡ್ಡಿನ ರೆಕಾರ್ಡಿಂಗ್‌ಗಳಲ್ಲಿ ದುಡಿಯುತ್ತಿದ್ದವರು; 1963ರಲ್ಲಿ ಒಂದು ದಿನ ಬೇಸ್ ವಾದಕ ಸ್ಟುಡಿಯೋಗೆ ಬಾರದೆ ಹೋದದ್ದರಿಂದ ಅವರ ಕೈಗೆ ಬೇಸ್ ಬಂತು, ಬಂದದ್ದು ಅಲ್ಲೇ ನಿಂತಿತು. ಅಮೆರಿಕದವರೇ ಆದ ಜೇಕೋ ಪಸ್ಟೋರಿಯಸ್ ಮೊದಲು ಡ್ರಮ್ಸ್ ನುಡಿಸುತ್ತಿದ್ದರು. ಆಟದ ಮೈದಾನದಲ್ಲಿ ಮಣಿಕಟ್ಟಿಗೆ ಬಿದ್ದ ಪೆಟ್ಟು ಅವರನ್ನು ಬೇಸಿನ ಕಡೆಗೆ ತಿರುಗಿಸಿತು, 1976ರಲ್ಲಿ ಅವರ ಮೊದಲ ಆಲ್ಬಂ ಬಂದ ಮೇಲೆ ಫ್ರೆಟ್ (ಕುತ್ತಿಗೆಯ ಮೇಲೆ ಸ್ವರಸ್ಥಾನ ತೋರುವ ಅಡ್ಡಪಟ್ಟಿ) ಇಲ್ಲದ ಬೇಸ್ ಹೀಗೂ ಹಾಡಬಲ್ಲದೇ ಎಂದು ಕೇಳಿದವರೆಲ್ಲ ಬೆರಗಾದರು. ನಮ್ಮ ದೇಶದಲ್ಲಿ, ಮುಂಬೈಯ ಮೋಹಿನಿ ಡೇ ಅವರಿಗೆ ಬೇಸ್ ಬಂದದ್ದು ಮನೆಯಿಂದ, ಅದೇ ವಾದ್ಯ ನುಡಿಸುವ ತಂದೆಯಿಂದ. ಎಳವೆಯಲ್ಲೇ ಹಿಡಿದ ಅವರು ಎ. ಆರ್. ರೆಹಮಾನ್, ಜಾಕಿರ್ ಹುಸೇನ್ ಅವರಂಥವರೊಡನೆ ವೇದಿಕೆ ಹಂಚಿಕೊಂಡವರು. ಹೆಣ್ಣುಮಕ್ಕಳಿಗೆ ಹೊಂದುವ ವಾದ್ಯವೇ ಎಂದು ಅತ್ತಿಗೆಯವರು ಕೇಳಿದ್ದಾರೆಂದು ಬರೆದಿದ್ದೀಯಲ್ಲ, ಅದಕ್ಕೆ ಕ್ಯಾರಲ್ ಕೇ, ಮೋಹಿನಿ ಡೇ ಈ ಇಬ್ಬರ ಹೆಸರೇ ಸಾಕು.

ಇವರನ್ನೆಲ್ಲ ಇಲ್ಲಿ ನೆನೆದದ್ದಕ್ಕೆ ಕಾರಣವಿದೆ. ತೆರವಾದ ಜಾಗ ತುಂಬಲು, ಪೆಟ್ಟು ಬಿದ್ದ ಕೈಗೆ ದಾರಿ ಹುಡುಕಲು, ತಂದೆ ಕಲಿಸಿದರೆಂದು ಬಂದವರೆಲ್ಲ ಬೇಸನ್ನು ಆಮೇಲೆ ಪ್ರೀತಿಸಿದರು. ನಿನ್ನ ಮಗಳಾದರೋ ಯಾರೂ ಹೇಳದೆ, ಯಾವ ಅನಿವಾರ್ಯವೂ ಇಲ್ಲದೆ ಕೇಳುತ್ತಿದ್ದಾಳೆ. ಹಾಡಿನಲ್ಲಿ ಹೆಚ್ಚಿನವರ ಕಿವಿಗೆ ಬೀಳದ ಏನೋ ಅವಳ ಕಿವಿಗೆ ಬಿದ್ದಿದೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಏಕೆಂದರೆ ಬೇಸ್ ತಾನಾಗಿ ಕಿವಿಗೆ ಬೀಳುವ ವಾದ್ಯವಲ್ಲ. ಅದರ ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಸ್ವರಗಳಿಗೆ, ಸಾಮಾನ್ಯ ಗಿಟಾರಿನ ದಪ್ಪ ತಂತಿಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿರುತ್ತಾರೆ. ಎಲ್ಲಕ್ಕಿಂತ ದಪ್ಪವಾದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದು ಎಬ್ಬಿಸುವ ಒಂದೊಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಂಗೈಯಗಲದ ರೇಡಿಯೋಗೋ ಇಂದಿನ ಮೊಬೈಲಿಗೋ ಆ ಸ್ವರವನ್ನು ಅದರ ಆಳದಲ್ಲೇ ಹೊರಡಿಸುವ ಶಕ್ತಿಯಿಲ್ಲ; ಅದರೊಡನೆ ಹುಟ್ಟುವ ಮೇಲಿನ ಸ್ವರಗಳಷ್ಟೇ ನಮಗೆ ಸಿಗುತ್ತವೆ, ಉಳಿದದ್ದನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಭದ್ರಾವತಿ ಆಕಾಶವಾಣಿಯಲ್ಲಿ ಚಿತ್ರಗೀತೆ ಕೇಳುತ್ತ ಬೆಳೆದ ನಾವು ಎಷ್ಟೋ ಹಾಡುಗಳನ್ನು ಬೇಸ್ ಇಲ್ಲದೆಯೇ ಬಾಯಿಪಾಠ ಮಾಡಿದ್ದೆವು. ಅದೇ ಹಾಡುಗಳು ತೀರ್ಥಹಳ್ಳಿ ಕಡೆಯ ಖಾಸಗಿ ಬಸ್ಸಿನಲ್ಲಿ, ಹಿಂದಿನ ಸೀಟಿನ ಬಳಿಯ ದೊಡ್ಡ ಸ್ಪೀಕರಿನಿಂದ ಬಂದಾಗ ಬೇರೆಯೇ ಆಗಿ ಕೇಳಿಸುತ್ತಿದ್ದವು, ನಿನಗೆ ನೆನಪಿರಬಹುದು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಸಂಗೀತ ನೀಡಿದ ಇಳಯರಾಜ ಅವರು ಮದ್ರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಕಲಿತವರು. ಅವರ ಹಾಡುಗಳಲ್ಲಿ ಬೇಸ್ ಬರಿಯ ತಾಳ ಕುಟ್ಟಿಕೊಂಡು ಕೂರದೆ, ಹಾಡುವವರು ಮೇಲೇರಿದಾಗ ತಾನು ಇಳಿಯುತ್ತ, ಅವರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಒಂದೆರಡು ಸ್ವರ ಸೇರಿಸುತ್ತ, ತನ್ನದೇ ಒಂದು ರಾಗಸಂಚಾರ ನಡೆಸುತ್ತಿರುತ್ತದೆ. ಆ ಕೆಳಗಿನ ದಾರಿಯನ್ನು ಒಮ್ಮೆ ಗುರುತಿಸಿದ ಕಿವಿ ಮತ್ತೆ ಅದನ್ನು ಬಿಟ್ಟು ಹಾಡು ಕೇಳಲಾರದು. ದಕ್ಷಿಣ ಭಾರತದಲ್ಲಿ ಬೇಸ್ ಹಿಡಿದ ಎಷ್ಟೋ ಮಂದಿ ತಮಗೆ ದಾರಿ ತೋರಿದ್ದು ಈ ಹಾಡುಗಳೇ ಎನ್ನುತ್ತಾರೆ, ನಾನೂ ಅವರಲ್ಲೊಬ್ಬ.

ಕಿವಿಗಿಂತ ಮೊದಲು ಮೈಗೆ ತಾಗುವುದೂ ಉಂಟು. ಸೊರಬ, ಸಾಗರದ ಕಡೆಯ ಡೊಳ್ಳಿನ ತಂಡಗಳು ಮೆರವಣಿಗೆಯಲ್ಲಿ ಹತ್ತಿರ ಬಂದಾಗ ಎದೆಯೊಳಗೆ ಏನಾಗುತ್ತದೆಂದು ಮಲೆನಾಡಿನವನಾದ ನಿನಗೆ ನಾನು ವಿವರಿಸಬೇಕಿಲ್ಲ. ಲೆಕ್ಕ ಗೊತ್ತಿಲ್ಲದ ಮಗುವೂ ಆ ಪೆಟ್ಟಿಗೆ ಸರಿಯಾಗಿ ಕಾಲು ಹಾಕುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಅಳೆದು ನೋಡಿದ್ದಾರೆ. ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಕೇಳಿಬರುವ ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರಗಳಲ್ಲಿ ಯಾವುದಾದರೊಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಬೇಗ ಬಂದರೆ, ಕೆಳಗಿನ ಸ್ವರದ ಏರುಪೇರನ್ನೇ ಮಿದುಳು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ, ತಾಳ ಹಾಕುವ ಬೆರಳೂ ಅದನ್ನೇ ಅನುಸರಿಸುತ್ತದೆ ಎಂದು ಕಂಡುಬಂತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಅದೇ ವಿಶ್ವವಿದ್ಯಾಲಯದ ಸಭಾಂಗಣದ ಒಂದು ಸಂಗೀತ ಕಾರ್ಯಕ್ರಮದಲ್ಲಿ, ಕಿವಿಗೆ ಗೊತ್ತಾಗದಷ್ಟು ತಗ್ಗಿನ ಧ್ವನಿಯ ವಿಶೇಷ ಸ್ಪೀಕರುಗಳನ್ನು ಆಗಾಗ ಹಚ್ಚಿ ಆರಿಸಿ ನೋಡಿದಾಗ, ಅವು ಹಚ್ಚಿದ್ದ ಹೊತ್ತಿನಲ್ಲಿ ಕುಣಿಯುವವರ ಚಲನೆ ಶೇಕಡಾ 11.8ರಷ್ಟು ಹೆಚ್ಚಿತ್ತು. ಲಯವನ್ನು ಹಿಡಿದಿಡುವ ಕೆಲಸ ತಗ್ಗಿನ ಸ್ವರದ್ದಾಗಿರುವುದು ರೂಢಿಯಿಂದ ಮಾತ್ರ ಬಂದದ್ದಲ್ಲ, ನಮ್ಮ ದೇಹವೇ ಅದನ್ನು ಬೇಡುತ್ತದೆ ಎಂದು ಇದರಿಂದ ನಾನು ತಿಳಿದುಕೊಂಡಿದ್ದೇನೆ.

ಇಷ್ಟಾದರೂ, ಹಿಡಿದವರು ಬಿಡದಿರುವುದಕ್ಕೆ ನಿಜವಾದ ಕಾರಣ ಇನ್ನೂ ಒಳಗಿನದು ಎಂದು ನನ್ನ ನಂಬಿಕೆ. ಅದನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಅಭ್ಯಾಸದ ಕೋಣೆಯಲ್ಲಿ ಕೀಬೋರ್ಡಿನವರು ಸಿ, ಇ, ಜಿ ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದಿದ್ದಾರೆಂದುಕೋ. ನಾನು ಎ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಬೆರಳೊತ್ತಿ ಸಿ ನುಡಿಸಿದರೆ ಅದು ಸಿ ಮೇಜರ್, ತೆರೆದ ಮನಸ್ಸಿನ ಹಿಗ್ಗಿನ ನಾದ. ಈಗ ಕೀಬೋರ್ಡಿನವರು ಒಂದು ಬೆರಳನ್ನೂ ಕದಲಿಸದಿರಲಿ. ನಾನು ಫ್ರೆಟ್ಟಿನ ಮೇಲಿನ ಬೆರಳೆತ್ತಿ ಅದೇ ತಂತಿಯನ್ನು ಖಾಲಿ ಮೀಟಿದರೆ ಕೆಳಗೆ ಎ ಸ್ವರ ಬಂದು ಸೇರುತ್ತದೆ, ಅಷ್ಟಕ್ಕೇ ಇಡೀ ಕಾರ್ಡ್, ಎಂದರೆ ಒಟ್ಟಿಗೆ ನುಡಿವ ಸ್ವರಗಳ ಗುಚ್ಛ, ಎ ಮೈನರ್ ಸೆವೆಂತ್ ಆಗಿ ಹಾಡಿನ ಮೇಲೆ ಒಂದು ಮಬ್ಬು ಕವಿಯುತ್ತದೆ. ಹಾಡುತ್ತಿರುವವರ ದನಿಯೇ ಬದಲಾಯಿತೇನೋ ಎಂದು ಕೇಳುಗರು ಅಂದುಕೊಳ್ಳುತ್ತಾರೆ. ಒಂದು ಬೆರಳನ್ನು ಎತ್ತಿದ್ದರಿಂದ ಹಾಡಿನ ಮನಸ್ಸೇ ಬದಲಾಗುವುದನ್ನು ತನ್ನ ಕೈಯಲ್ಲಿ ಕಂಡವನಿಗೆ, ತಾನು ಹಿಂದೆ ನಿಂತಿದ್ದೇನೆ ಎಂಬ ಭಾವನೆ ಬರುವುದು ಕಷ್ಟ.

ಸ್ವರವನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಅಷ್ಟೇ ದೊಡ್ಡ ವಿದ್ಯೆ. ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಖರ್ಚು ಉಳಿಸಲು ಎಷ್ಟೋ ತಂಡಗಳು ಬೇಸ್ ವಾದಕನನ್ನು ಬಿಟ್ಟು, ಕೀಬೋರ್ಡಿನವರ ಎಡಗೈಯಲ್ಲೇ ಆ ಕೆಲಸ ಮುಗಿಸುತ್ತವೆ. ಸ್ವರಗಳೇನೋ ಸರಿಯಾಗಿಯೇ ಬರುತ್ತವೆ. ಆದರೆ ತಂತಿಯನ್ನು ಮೀಟಿದ ಬೆರಳು ಮತ್ತೆ ಅದರ ಮೇಲೆ ಬಂದು ಕುಳಿತು ನಾದವನ್ನು ತಡೆಯುವಾಗ ಎರಡು ಸ್ವರಗಳ ನಡುವೆ ಕೂದಲೆಳೆಯಷ್ಟು ಮೌನ ಹುಟ್ಟುತ್ತದಲ್ಲ, ಡ್ರಮ್ಸಿನ ಪೆಟ್ಟು ಆ ಮೌನದಲ್ಲಿ ಬಿದ್ದಾಗಲೇ ಹಾಡಿಗೆ ನಡಿಗೆ ಬರುವುದು. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ನಡೆಯುತ್ತಿರಬೇಕು, ಹೆಬ್ಬೆರಳು ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಮೇಲೆ ಊರಿರಬೇಕು, ಎಡಗೈ ಬೇಡದ ತಂತಿಗಳನ್ನು ಸುಮ್ಮನಿರಿಸುತ್ತಿರಬೇಕು. ನುಡಿಸುವುದರಷ್ಟೇ ಕೆಲಸ ನುಡಿಸದಿರುವುದರಲ್ಲೂ ಇರುವ ಈ ವಾದ್ಯ, ಇತರರನ್ನು ಕೇಳುತ್ತ ಕೂರುವ ಸ್ವಭಾವದವರನ್ನು ಬೇಗ ಹತ್ತಿರಕ್ಕೆ ಕರೆದುಕೊಳ್ಳುತ್ತದೆ. ನಿನ್ನ ಮಗಳು ಹತ್ತು ಜನರ ನಡುವೆ ಹೆಚ್ಚು ಮಾತಾಡದೆ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವವಳೆಂದು ನಾನು ಬಲ್ಲೆ.

ಹೆಸರಿನ ವಿಷಯ ಎತ್ತಿದ್ದೀಯ. ನಿಜ, ಬೇಸ್ ವಾದಕರ ಹೆಸರು ಜನರಿಗೆ ಗೊತ್ತಿರುವುದಿಲ್ಲ. ಆರ್. ಡಿ. ಬರ್ಮನ್ ಅವರ ಹಾಡುಗಳನ್ನು ಗುನುಗುವವರಲ್ಲಿ ಅವರಿಗಾಗಿ ಬೇಸ್ ನುಡಿಸಿದ ಟೋನಿ ವಾಜ್ ಅವರ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು? ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಹೆಸರು ಆಲ್ಬಮ್ಮಿನ ಹೊದಿಕೆಯ ಮೇಲೆ ಅಚ್ಚಾಗಲು 1971ರವರೆಗೆ ಕಾಯಬೇಕಾಯಿತು. ಹೆಚ್ಚಾಗಿ ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದ ಅವರು 1983ರಲ್ಲಿ ತೀರಿಕೊಂಡರು. ದೊಡ್ಡ ಗೌರವಗಳು ಬಂದದ್ದು ಆಮೇಲೆ. ಅವರ ಬಾಲ್ಯದ ಬಗ್ಗೆ ಒಂದು ಕಥೆ ಹೇಳುತ್ತಾರೆ: ಸೌತ್ ಕೆರೊಲಿನಾದ ಹಳ್ಳಿಗಾಡಿನಲ್ಲಿ ಹುಡುಗ ಜೇಮರ್ಸನ್ ಇರುವೆಗೂಡಿನ ಬಳಿ ಕೋಲು ನೆಟ್ಟು, ಅದಕ್ಕೆ ರಬ್ಬರ್ ಬಿಗಿದು ಮೀಟುತ್ತ, ಇರುವೆಗಳನ್ನು ಕುಣಿಸುತ್ತೇನೆ ಎನ್ನುತ್ತಿದ್ದನಂತೆ. ಕುಣಿಸುವ ಆ ಆಸೆಗೂ ಹೊದಿಕೆಯ ಮೇಲಿನ ಹೆಸರಿಗೂ ಸಂಬಂಧವೇ ಇರಲಿಲ್ಲ. ಹೆಸರು ಬಾರದಿರುವುದು ನ್ಯಾಯವೆಂದು ನಾನು ಹೇಳುತ್ತಿಲ್ಲ. ನುಡಿಸಿದವರ ಹೆಸರನ್ನು ಬರೆಯಲೇಬೇಕು. ಆದರೆ ಹೆಸರಿನಾಸೆಗೆ ಬೇಸ್ ಹಿಡಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಇನ್ನು ಕೊಳ್ಳುವ ವಿಚಾರ. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಆಳೆತ್ತರದ ಡಬಲ್ ಬೇಸಿನ ಹೊರೆಯಿಂದ ವಾದಕರನ್ನು ಬಿಡಿಸಿತು. ಅದರ ತಂತಿಯ ಅಳತೆಯಾದ 34 ಇಂಚು, ಎಂದರೆ ಸುಮಾರು 86 ಸೆಂಟಿಮೀಟರ್, ಇಂದಿಗೂ ರೂಢಿಯಲ್ಲಿದೆ. ಒಂಬತ್ತನೆಯ ತರಗತಿಯ ಹುಡುಗಿಯ ಕೈಗೆ ಅದು ದೂರವೆನಿಸಿದರೆ 30 ಇಂಚಿನದು ಸಿಗುತ್ತದೆ, ಅದನ್ನು ಮಕ್ಕಳಾಟಿಕೆ ಎನ್ನಬೇಡ. ಮೆಕಾರ್ಟ್ನಿಯವರ ಹಾಫ್ನರ್ ಕೂಡ 30 ಇಂಚಿನ ಆಸುಪಾಸಿನದೇ. ತೂಕ ನಾಲ್ಕು ಕಿಲೋ ಆಸುಪಾಸಿನಲ್ಲಿರುವುದರಿಂದ ಪಟ್ಟಿ ಅಗಲವಾಗಿರಲಿ. ಮನೆಯ ಟೇಪ್ ರೆಕಾರ್ಡರಿಗೋ ಸಾಮಾನ್ಯ ಗಿಟಾರಿನ ಆಂಪ್ಲಿಫೈಯರಿಗೋ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿದುಹೋಗಬಹುದು. ಇಯರ್‌ಫೋನ್ ಹಾಕಿಕೊಂಡು ನುಡಿಸುವ ಪುಟ್ಟ ಆಂಪ್ಲಿಫೈಯರ್ ಸಾಕು.

ನಮ್ಮ ಮಳೆಗಾಲವನ್ನು ಮರೆಯಬೇಡ. ಜೂನ್ ಬಂತೆಂದರೆ ಮರದ ಕುತ್ತಿಗೆ ನೀರಿನಂಶ ಕುಡಿದು ಬಾಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ ಅಥವಾ ತೀರಾ ಎತ್ತರವಾಗಿ ಬೆರಳು ನೋಯುತ್ತದೆ. ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ತಿರುಪಿ ಸರಿಪಡಿಸಬಹುದು, ಅದನ್ನು ನಾನು ಮಾಡಿಕೊಡುತ್ತೇನೆ. ಹೊರಗೋಡೆಗೆ ತೂಗುಹಾಕದಿರಲಿ, ನುಡಿಸಿದ ಮೇಲೆ ಹತ್ತಿಬಟ್ಟೆಯಲ್ಲಿ ತಂತಿ ಒರೆಸಲಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿರಲಿ. ಕರೆಂಟ್ ಹೋದ ಸಂಜೆಗಳಲ್ಲಿ ಅಭ್ಯಾಸ ನಿಲ್ಲಿಸಬೇಕಿಲ್ಲ: ಬೇಸಿನ ತಲೆಯನ್ನು ನಿಮ್ಮ ಮನೆಯ ಬೀಟೆಮರದ ಬಾಗಿಲಿಗೆ ತಾಗಿಸಿ ನುಡಿಸಿದರೆ ಬಾಗಿಲೇ ನಾದವನ್ನು ಹೊತ್ತು ಹೇಳುತ್ತದೆ. ಈ ಉಪಾಯವನ್ನು ಅವಳಿಗೆ ಖಂಡಿತ ತಿಳಿಸು.

ಕೊಳ್ಳುವ ಮೊದಲು ಒಂದು ಭಾನುವಾರ ಅವಳನ್ನು ಕರೆದುಕೊಂಡು ಇಲ್ಲಿಗೆ ಬಾ. ನಮ್ಮ ತಂಡದ ಅಭ್ಯಾಸ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ. ನನ್ನ ಬಳಿ ಎರಡು ಬೇಸ್‌ಗಳಿವೆ, ಚಿಕ್ಕದನ್ನು ಅವಳು ಈ ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳಲಿ, ಆಮೇಲೆ ಯಾವುದು ಬೇಕೆಂದು ಅವಳೇ ಹೇಳುತ್ತಾಳೆ. ಅವಳ ಗಿಟಾರನ್ನು ಮಾತ್ರ ಮಾರಬೇಡ; ಕಾರ್ಡುಗಳನ್ನು ಬಲ್ಲ ಕೈ ಬೇಸಿಗೂ ಬೇಕು.

ಇಂತಿ ನಿನ್ನ ಪ್ರೀತಿಯ
ಗೆಳೆಯ